‘ಪೋ’ ಅಂದರೆ ‘ಹೋಗು’ ಅಲ್ಲ!

ಮನಿಲಾದ ಜೀಪ್ನಿಯಲ್ಲಿ ಕುಳಿತು ಐದು ನಿಮಿಷವೂ ಆಗಿರಲಿಲ್ಲ. ಪಕ್ಕದ ಹೆಂಗಸು ನನ್ನ ಅಂಗೈಯಲ್ಲಿ ಒಂದಿಷ್ಟು ನಾಣ್ಯಗಳನ್ನಿಟ್ಟು ‘ಬಾಯದ್ ಪೋ’ ಎಂದಳು. ನನಗೆ ಗಾಬರಿ. ಗುರುತಿಲ್ಲದ ಈಕೆ ನನಗೇಕೆ ದುಡ್ಡು ಕೊಟ್ಟಳು? ಕೊಟ್ಟವಳು ‘ಪೋ’ ಎಂದು ಗದರಿಸುವುದೇಕೆ? ನಾನು ನಾಣ್ಯ ವಾಪಸು ಕೊಡಲು ಹೋದೆ. ಆಕೆ ನಕ್ಕು ಮತ್ತೆ ಅದನ್ನೇ ಹೇಳಿದಳು. ಎದುರು ಸಾಲಿನಲ್ಲಿದ್ದವರೂ ನಗತೊಡಗಿದರು.

ಮಗಳು ಕೈಯಡ್ಡ ಮಾಡಿ ನಗು ತಡೆಯುತ್ತ ಹೇಳಿದಳು: ‘ಅಪ್ಪಾ, ಆಕಿ ನಿಮಗ ಹೋಗು ಅಂದಿಲ್ಲ. ಇದು ಬಸ್ ಚಾರ್ಜು. ಡ್ರೈವರ್ ತನಕಾ ಕೈಯಿಂದ ಕೈಗೆ ದಾಟಿಸಬೇಕು. ಪೋ ಅಂದ್ರ ನಮ್ಮ ರೀ ಇದ್ದಂಗ!’

ಜೀಪ್ನಿ ಎಂದರೆ ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು, ಜನ ಸಾಗಿಸಲು ಹಚ್ಚಿದ ವಾಹನದ ವಂಶ. ಎದುರುಬದುರು ಎರಡು ಉದ್ದನೆಯ ಸೀಟು. ಕಂಡಕ್ಟರ್ ಇಲ್ಲ. ಹಿಂದೆ ಕುಳಿತವನ ದುಡ್ಡು ಆರೇಳು ಕೈ ದಾಟಿ ಡ್ರೈವರನನ್ನು ಮುಟ್ಟುತ್ತದೆ; ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಇಳಿಯುವಾಗ ‘ಪಾರಾ ಪೋ’ ಎಂದರೆ ಗಾಡಿ ನಿಲ್ಲುತ್ತದೆ. ನನ್ನ ಟಗಾಲೊಗ್ ಪಾಠ ಶುರುವಾದದ್ದು ಈ ಚಲಿಸುವ ಶಾಲೆಯಲ್ಲಿ.

ನಾನು ಮಾಡಿದ ತಪ್ಪು

ಧಾರವಾಡದಿಂದ ಅಷ್ಟು ದೂರ ನಾನು ಹೋದದ್ದು ಊರು ನೋಡಲಿಕ್ಕಲ್ಲ. ಮಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳನ್ನು ಕಳಿಸುವ ಮೊದಲು ನಾನು ವಿಚಾರಿಸಿದ್ದೆಲ್ಲ ಫೀಸು, ಊಟ, ಹಾಸ್ಟೆಲು ಮತ್ತು ನಿಯಮಗಳು. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಲ್ಲಿ ತಂದ ನಿಯಮದಂತೆ ವಿದೇಶದ ಕೋರ್ಸು ಕನಿಷ್ಠ 54 ತಿಂಗಳದ್ದಿರಬೇಕು, ಅದರ ಮೇಲೆ 12 ತಿಂಗಳ ಇಂಟರ್ನ್‌ಷಿಪ್ ಅಲ್ಲಿಯೇ ಆಗಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು. ಫಿಲಿಪ್ಪೀನ್ಸಿನಲ್ಲಿ ಪಾಠವೆಲ್ಲ ಇಂಗ್ಲಿಷ್. ನನಗೆ ನೆಮ್ಮದಿ. ‘ಅಲ್ಲಿನ ಭಾಷಾ ಕಲಿಯೋದಕ್ಕ ವ್ಯಾಳ್ಯಾ ಕಳೀಬ್ಯಾಡ. ಪುಸ್ತಕದ ಕಡೆ ಲಕ್ಷ್ಯ ಇರಲಿ’ ಎಂದು ವಿಮಾನ ನಿಲ್ದಾಣದಲ್ಲಿ ಬುದ್ಧಿ ಹೇಳಿದವನು ನಾನೇ.

ಮಗಳು ಅಪ್ಪನ ಮಾತು ಕೇಳಿದಳು. ಭಾರತದ ಹುಡುಗಿಯರ ಜೊತೆಯೇ ಇದ್ದು, ಅನ್ನ-ಸಾರು ಮಾಡಿಕೊಂಡು, ಪರೀಕ್ಷೆಗಳನ್ನು ಚೆನ್ನಾಗಿಯೇ ಮುಗಿಸಿದಳು. ಆಮೇಲೆ ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ದಿನ ಬಂತು.

ಅಲ್ಲಿ ರಕ್ತದೊತ್ತಡದ ಒಬ್ಬ ಮುದುಕಿ. ಮಗಳು ಇಂಗ್ಲಿಷಿನಲ್ಲಿ ಕೇಳಿದಳು, ದಿನಾ ಮಾತ್ರೆ ತೆಗೆದುಕೊಳ್ಳುತ್ತೀರಾ? ‘ಓಪೋ’ ಎಂದಳು ಮುದುಕಿ. ಅಂದರೆ ‘ಹೌದ್ರೀ’. ಬಿಟ್ಟಿಲ್ಲವಷ್ಟೆ? ‘ಓಪೋ.’ ತಲೆಸುತ್ತು ಇದೆಯಾ? ‘ಓಪೋ.’ ಮಗಳು ‘ಔಷಧಿ ಕ್ರಮವಾಗಿ ನಡೆದಿದೆ’ ಎಂದು ಬರೆದುಕೊಂಡಳು. ಹಿಂದೆಯೇ ಬಂದ ಹಿರಿಯ ವೈದ್ಯೆ ಮುದುಕಿಯ ಪಕ್ಕ ಕುಳಿತು, ಟಗಾಲೊಗಿನಲ್ಲಿ ಮೆಲ್ಲಗೆ ವಿಚಾರಿಸಿದಾಗ ಬೇರೆಯೇ ಕಥೆ ಹೊರಬಿತ್ತು. ಮೂರು ವಾರದಿಂದ ಮಾತ್ರೆಯೇ ಇಲ್ಲ. ‘ವಲಾ ನಾ ಪೋ ಅಕೋಂಗ್ ಪಂಬಿಲಿ’, ಕೊಳ್ಳಲಿಕ್ಕೆ ದುಡ್ಡಿಲ್ಲರೀ. ಇದ್ದ ಹಣ ಮೊಮ್ಮಗನ ಶಾಲೆಗೆ ಹೋಗಿತ್ತು.

ಮಗಳು ಬರೆದದ್ದನ್ನೇ ನಂಬಿ ಔಷಧಿಯ ಪ್ರಮಾಣ ಹೆಚ್ಚಿಸಿದ್ದರೆ? ವೈದ್ಯೆ ಬೈಯಲಿಲ್ಲ. ‘ಆಕೆ ನಿನಗೆ ಸುಳ್ಳು ಹೇಳಲಿಲ್ಲ, ಮರ್ಯಾದೆ ಕೊಟ್ಟಳು’ ಎಂದಷ್ಟೇ ಹೇಳಿದರಂತೆ. ಆ ರಾತ್ರಿ ಫೋನಿನಲ್ಲಿ ಮಗಳು ಅತ್ತಳು. ಮನಿಲಾ ನಮಗಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಆಗ ನಡುರಾತ್ರಿ ದಾಟಿತ್ತು. ನನಗೂ ನಿದ್ದೆ ಬರಲಿಲ್ಲ. ವೇಳೆ ಕಳೆಯಬೇಡ ಎಂದವನು ನಾನು ತಾನೆ!

ಲೋಲಾಳ ಪಾಠಶಾಲೆ

ಹಾಗಾಗಿ ಆಗಸ್ಟಿನ ಮಳೆಯಲ್ಲಿ, ಸಿಂಗಪುರದಲ್ಲಿ ವಿಮಾನ ಬದಲಿಸಿ, ಹನ್ನೆರಡು ದಿನದ ಮಟ್ಟಿಗೆ ಮನಿಲಾಕ್ಕೆ ಹೋದೆ. ಆಗಸ್ಟ್ ಅಲ್ಲಿ ಭಾಷಾ ಮಾಸ. ರಾಷ್ಟ್ರಭಾಷೆಯ ಪರ ನಿಂತ ಅಧ್ಯಕ್ಷ ಮಾನ್ಯುಯೆಲ್ ಕೆಜೋನ್ ಹುಟ್ಟಿದ ತಿಂಗಳು. 7,000ಕ್ಕೂ ಹೆಚ್ಚು ದ್ವೀಪಗಳು, ನೂರೈವತ್ತಕ್ಕೂ ಹೆಚ್ಚು ಭಾಷೆಗಳು ಇರುವ ದೇಶಕ್ಕೆ ಟಗಾಲೊಗನ್ನು ತಳಹದಿಯಾಗಿಸಿ ಒಂದು ರಾಷ್ಟ್ರಭಾಷೆ ಕಟ್ಟುವ ನಿರ್ಧಾರವನ್ನು ಆತ 1937ರಲ್ಲಿ ಪ್ರಕಟಿಸಿದ. 1987ರ ಸಂವಿಧಾನದಲ್ಲಿ ಅದರ ಹೆಸರು ಫಿಲಿಪಿನೊ. ಆಡಳಿತದಲ್ಲಿ ಅದರ ಜೊತೆಗೆ ಇಂಗ್ಲಿಷೂ ಇದೆ.

ಮಗಳು ಬಾಡಿಗೆಗಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಎಲ್ಲರೂ ಆಕೆಯನ್ನು ಕರೆಯುವುದು ‘ಲೋಲಾ’, ಅಂದರೆ ಅಜ್ಜಿ. ಅಲ್ಲಿಯೂ ನಮ್ಮಂತೆಯೇ, ಗುರುತಿರಲಿ ಬಿಡಲಿ, ಎಲ್ಲರಿಗೂ ಒಂದು ಸಂಬಂಧ ಹಚ್ಚಿಯೇ ಮಾತಾಡಬೇಕು. ಅಣ್ಣ ‘ಕೂಯಾ’, ಅಕ್ಕ ‘ಆತೆ’. ಅಂಗಡಿಯ ಹರೆಯದ ಹುಡುಗಿಯನ್ನು ಮಗಳು ‘ಆತೆ’ ಎಂದು ಕೂಗಿದಾಗ, ಇವಳು ಯಾವ ಸಂಬಂಧದಲ್ಲಿ ಅತ್ತೆಯಾದಳಪ್ಪಾ ಎಂದು ನಾನು ಲೆಕ್ಕ ಹಾಕಿದ್ದೇ ಬಂತು.

ನಾನು ಒಯ್ದಿದ್ದ ಧಾರವಾಡ ಪೇಢೆ ಲೋಲಾಳ ಕೈಸೇರಿದಾಗ ಆಕೆಯ ಮುಖ ಅರಳಿತು. ಊರಿಗೆ ಹೋಗಿ ಬಂದವರು ತರುವ ಇಂಥ ತಿಂಡಿ-ಕಾಣಿಕೆಗೆ ಅಲ್ಲಿ ‘ಪಸಲೂಬೋಂಗ್’ ಎನ್ನುತ್ತಾರೆ. ಬರಿಗೈಲಿ ಬರಬಾರದು ಎನ್ನುವುದು ಅಲ್ಲಿನವರಿಗೂ ಗೊತ್ತು! ಗುರುದಕ್ಷಿಣೆ ಸಂದ ಮೇಲೆ ಪಾಠ ಆರಂಭವಾಯಿತು.

ಬೆಳಗಿನ ನಮಸ್ಕಾರ ‘ಮಗಂದಾಂಗ್ ಉಮಾಗಾ ಪೋ’. ಮಧ್ಯಾಹ್ನಕ್ಕೆ ‘ತಂಗಾಲಿ’, ಇಳಿಹೊತ್ತಿಗೆ ‘ಹಾಪೊನ್’, ರಾತ್ರಿಗೆ ‘ಗಬಿ’ ಎಂದು ಕೊನೆಯ ಶಬ್ದ ಬದಲಿಸಿದರಾಯಿತು. ಹೇಗಿದ್ದೀಯಾ ಎನ್ನಲು ‘ಕುಮುಸ್ತಾ ಕಾ?’ ಹಿರಿಯರಿಗಾದರೆ ‘ಕುಮುಸ್ತಾ ಪೋ ಕಾಯೊ?’ ‘ಕಾ’ ನಮ್ಮ ‘ನೀನು’, ‘ಕಾಯೊ’ ನಮ್ಮ ‘ನೀವು’. ‘ಕುಮುಸ್ತಾ’ ಎಂಬುದು 333 ವರ್ಷ ಆಳಿದ ಸ್ಪೇನಿನವರ ಮಾತಿನಿಂದ ಬಂದದ್ದು. ಮೇಜು ‘ಮೇಸಾ’, ಕಿಟಕಿ ‘ಬಿಂತಾನಾ’, ಚಮಚ ‘ಕುಚಾರಾ’, ಎಲ್ಲ ಸ್ಪೇನಿನ ಬಳುವಳಿ. ಪೋರ್ಚುಗೀಸರಿಂದ ನಮಗೆ ‘ಬಟಾಟಿ’ ಬಂದಂತೆ.

ಉತ್ತರ ‘ಮಬೂತಿ ಪೋ’, ಚೆನ್ನಾಗಿದ್ದೇನೆ. ಕೃತಜ್ಞತೆಗೆ ‘ಸಲಾಮತ್ ಪೋ’. ಹೌದು ‘ಓಒ’, ಗೌರವದಿಂದಾದರೆ ‘ಓಪೋ’. ಇಲ್ಲ, ಅಲ್ಲ ಎನ್ನಲು ‘ಹಿಂದಿ’! ಆಟೋದಂಥ ಟ್ರೈಸಿಕಲ್ಲಿನವನೊಬ್ಬ ‘ಹಿಂದಿ, ಹಿಂದಿ’ ಎಂದು ತಲೆಯಾಡಿಸಿದಾಗ, ಈತನಿಗೆ ಹಿಂದಿ ಬರುತ್ತದೆಂದು ನಾನು ಆ ಭಾಷೆಯಲ್ಲೇ ಶುರುಮಾಡಿದ್ದೆ. ಪಾಪ, ಆತ ಆ ಕಡೆ ಬರುವುದಿಲ್ಲ ಎನ್ನುತ್ತಿದ್ದ.

ಬೀದಿಯಲ್ಲಿ ಎದುರಾದವರು ‘ಸಾಆನ್ ಕಾ ಪುಪುಂತಾ?’ ಎಂದು ಕೇಳುತ್ತಾರೆ. ಎತ್ತಾಗ ಹೊಂಟಿ? ಇದಕ್ಕೆ ಊರು, ಕೇರಿ, ಕಾರಣ ವಿವರಿಸಬೇಕಾಗಿಲ್ಲ. ‘ದಿಯಾನ್ ಲಾಂಗ್’ ಎಂದರೆ ಸಾಕು. ಇಲ್ಲೇ, ಅಷ್ಟಽ! ನಮ್ಮ ಓಣಿಯಲ್ಲಿ ದಿನಾ ನಡೆಯುವ ಸಂಭಾಷಣೆಯೇ ಅಲ್ಲವೆ? ‘ಕುಮಾಇನ್ ಕಾ ನಾ ಬಾ?’ ಎಂದರೆ ‘ಉಂಡ್ಯಾ?’ ಕೊನೆಯ ‘ಬಾ’ ಕರೆಯುವುದಲ್ಲ, ‘ಉಂಡ್ಯಾ’ದೊಳಗಿನ ‘ಆ’ದಂತೆ ಬರೀ ಪ್ರಶ್ನೆಯ ಗುರುತು.

ಊಟಕ್ಕೆ ಕುಳಿತವರು ‘ಕಾಇನ್ ತಾಯೊ’ ಎನ್ನುತ್ತಾರೆ, ಉಣ್ಣೋಣ ಬನ್ನಿ. ಅವರಲ್ಲಿ ‘ನಾವು’ ಎನ್ನಲು ಎರಡು ಶಬ್ದ. ಕೇಳುವವನನ್ನೂ ಸೇರಿಸಿಕೊಂಡ ನಾವು ‘ತಾಯೊ’. ಅವನನ್ನು ಬಿಟ್ಟ ನಾವು ‘ಕಮಿ’. ತಮಿಳು, ತೆಲುಗುಗಳಲ್ಲಿ ಈ ಭೇದ ಇದೆ, ನಮ್ಮ ಇಂದಿನ ಕನ್ನಡದಲ್ಲಿಲ್ಲ. ಆದರೆ ಅವನು, ಅವಳು ಎಂಬ ಭೇದ ಅವರಲ್ಲಿಲ್ಲ. ಇಬ್ಬರಿಗೂ ‘ಶಾ’. ಅದಕ್ಕೇ ಲೋಲಾ ಇಂಗ್ಲಿಷಿನಲ್ಲಿ ಮಾತಾಡುವಾಗ ನನ್ನ ಮಗಳು ಆಗಾಗ ಗಂಡಸಾಗಿಬಿಡುತ್ತಿದ್ದಳು!

ಙಕಾರಕ್ಕೆ ಬಂದ ಭಾಗ್ಯ

ಕನ್ನಡದ ಮಕ್ಕಳಿಗೆ ಒಂದು ಮಾತು. ನಮ್ಮ ವರ್ಣಮಾಲೆಯಲ್ಲಿ ಕ ಖ ಗ ಘ ಆದ ಮೇಲೆ ‘ಙ’ ಎಂಬ ಅಕ್ಷರವಿದೆ. ಕಲಿತವರು ಇಲ್ಲ ಎನ್ನುವಂತಿಲ್ಲ, ಬರೆಯುವವರು ಇದ್ದಾರೆ ಎನ್ನುವಂತಿಲ್ಲ. ಟಗಾಲೊಗಿನಲ್ಲಿ ಅದಕ್ಕೆ ಕೈತುಂಬ ಕೆಲಸ. ‘ಙಯೋನ್’ ಎಂದರೆ ಈಗ, ‘ಙಿಪಿನ್’ ಹಲ್ಲು, ‘ಙಿತಿ’ ಮುಗುಳುನಗೆ. ಶಬ್ದದ ಮೊದಲಲ್ಲೇ ಇದು ಬಂದಾಗ ಬೇರೆ ದೇಶದವರು ತಡವರಿಸುತ್ತಾರಂತೆ. ನಾನು ಮಗ್ಗಿ ಒಪ್ಪಿಸುವವನಂತೆ ಹೇಳಿದಾಗ ಲೋಲಾ ಚಪ್ಪಾಳೆ ತಟ್ಟಿದಳು. ಒಂದನೇ ಇಯತ್ತೆಯ ನಮ್ಮ ಮಾಸ್ತರರನ್ನು ನೆನೆದೆ.

ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಶಿಕ್ಷಕರಿಗೆ ಅವರು ಹೇಳುವುದು ‘ಗುರೊ’. ‘ಮುಖಾ’ ಎಂದರೆ ಮುಖ. ‘ಕಥಾ’ ಎಂದರೆ ರಚನೆ. ‘ದುಖಾ’ ಎಂದರೆ ಬಡವ. ದುಃಖ ಬಡತನಕ್ಕೆ ಹೆಸರಾದದ್ದನ್ನು ಕಂಡು ವಾರ್ಡಿನ ಮುದುಕಿ ನೆನಪಾದಳು.

ಒಂದು ಮಧ್ಯಾಹ್ನ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿನ ಸಂಪತ್ತುಗಳಲ್ಲಿ ಒಂದು ತಾಮ್ರಪಟವಿದೆ. ಲಗೂನಾ ಪ್ರಾಂತದ ನದಿಯ ಬಾಯಲ್ಲಿ ಸಿಕ್ಕು, 1989ರ ಸುಮಾರಿಗೆ ಬೆಳಕಿಗೆ ಬಂದದ್ದು. ಅದರ ಆರಂಭ ‘ಸ್ವಸ್ತಿ’! ಮುಂದೆ ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷ, ಚತುರ್ಥಿ, ಸೋಮವಾರ. ಅಂದರೆ ಕ್ರಿ.ಶ. 900. ಆಗ ನಮ್ಮಲ್ಲಿ ರಾಷ್ಟ್ರಕೂಟರ ಆಳ್ವಿಕೆ. ನಮ್ಮ ಊರ ಗುಡಿಯ ಮುಂದಿನ ಕಲ್ಲಿನಲ್ಲಿ ಓದುವ ಕಾಲಗಣನೆಯನ್ನೇ ಸಮುದ್ರದಾಚೆ ಓದಿದಾಗ ಮೈ ಜುಮ್ಮೆಂದಿತು. ಶಾಸನದ ಭಾಷೆ ಹಳೆಯ ಮಲಯ. ವಿಷಯ ರಾಜರ ದಂಡಯಾತ್ರೆಯಲ್ಲ, ಒಂದು ಕುಟುಂಬದ ಸಾಲ ತೀರಿತು ಎಂಬ ಪತ್ರ!

ಸಾಲದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಅಲ್ಲಿ ಭಾರತೀಯರಿಗೆ ‘ಬುಂಬಾಯ್’ ಎಂಬ ಅಡ್ಡಹೆಸರು. ಮೋಟಾರ್‌ಸೈಕಲ್ಲಿನಲ್ಲಿ ಬಂದು ಐದು ಕೊಟ್ಟು ಆರು ವಸೂಲು ಮಾಡುವ ಪಂಜಾಬಿ ಲೇವಾದೇವಿಯವರಿಂದಾಗಿ ಈ ಹೆಸರಿಗೆ ಸ್ವಲ್ಪ ಕಹಿಯೂ ಅಂಟಿದೆ. ಹಟ ಮಾಡುವ ಮಕ್ಕಳನ್ನು ‘ಬುಂಬಾಯ್ ಹಿಡ್ಕೊಂಡು ಹೋಗ್ತಾನೆ’ ಎಂದು ಹೆದರಿಸುವುದುಂಟು. ಓಣಿಯ ಪುಟ್ಟ ಹುಡುಗನೊಬ್ಬ ನನ್ನನ್ನು ಕಂಡೊಡನೆ ಬಾಗಿಲ ಹಿಂದೆ ಅಡಗುತ್ತಿದ್ದ. ಮೂರನೆಯ ದಿನ ನಾನು ಬಗ್ಗಿ ‘ಕುಮುಸ್ತಾ ಕಾ?’ ಎಂದೆ. ಅವನು ತಬ್ಬಿಬ್ಬಾಗಿ, ನನ್ನ ಕೈ ಹಿಡಿದು ಹಣೆಗೊತ್ತಿಕೊಂಡು ‘ಮಾನೊ ಪೋ’ ಎಂದ. ಅದು ಅವರ ಕಾಲುಮುಟ್ಟಿ ನಮಸ್ಕಾರ. ಎರಡು ಶಬ್ದಕ್ಕೆ ಇಷ್ಟು ಫಲ!

ಹೋಗುವ ಮಕ್ಕಳಿಗೆ, ಕಳಿಸುವ ತಂದೆ-ತಾಯಿಗೆ

ಮೊದಲು ಯಾವ ಊರು ಎಂದು ನೋಡಿರಿ. ನಮ್ಮ ಮಕ್ಕಳು ಬಹಳವಾಗಿ ಹೋಗುವ ದಾವಾವ್ ನಗರದಲ್ಲಿ ಮನೆಮಾತು ಸೆಬುವಾನೊ. ಅಲ್ಲಿಯವರು ಬಿಸಾಯ ಎನ್ನುತ್ತಾರೆ. ಟಗಾಲೊಗ್ ತಿಳಿಯುತ್ತದೆ, ಆದರೆ ಬೆಳಗಿನ ನಮಸ್ಕಾರ ಅಲ್ಲಿ ‘ಮಾಆಯೊಂಗ್ ಬುಂತಾಗ್’. ಬೆಲೆ ಕೇಳಲು ಮನಿಲಾದಲ್ಲಿ ‘ಮಗ್ಕಾನೊ ಪೋ?’, ಅಲ್ಲಿ ‘ಪಿಲಾ?’ ಬೆಂಗಳೂರಿಗೆಂದು ಕಲಿತದ್ದು ಮಂಗಳೂರಿನ ಮನೆಯಂಗಳದಲ್ಲಿ ಅಷ್ಟೇ ಸಾಕಾಗದು ತಾನೆ?

ಎರಡನೆಯದು, ಅಂಕಿ. ‘ಇಸಾ, ದಲವಾ, ತತ್ಲೊ’ ಎಂದು ಹತ್ತರವರೆಗೆ ಬಾಯಿಪಾಠ ಮಾಡಿ ಸಂತೆಗೆ ಹೋದರೆ, ಅಂಗಡಿಯವಳು ‘ಬೆಂತೆ’, ‘ಸಿಂಗ್ಕ್ವೆಂತಾ’ ಎನ್ನುತ್ತಾಳೆ. ಅವು ಸ್ಪೇನಿನ ಇಪ್ಪತ್ತು, ಐವತ್ತು. ಎರಡೂ ಲೆಕ್ಕ ಬೇಕು.

ಮೂರನೆಯದು, ಗೊತ್ತಾಗದಿದ್ದಾಗ ಹೇಳುವ ಮಾತನ್ನೇ ಮೊದಲು ಕಲಿಯಿರಿ. ‘ಪಕಿಉಲಿತ್ ಪೋ’, ಇನ್ನೊಮ್ಮೆ ಹೇಳ್ರಿ. ‘ದಹಾನ್-ದಹಾನ್ ಲಾಂಗ್ ಪೋ’, ಮೆಲ್ಲಮೆಲ್ಲಗೆ ಹೇಳ್ರಿ. ವೈದ್ಯಕೀಯದವರಿಗಂತೂ ‘ಸಾಆನ್ ಪೋ ಮಸಕಿತ್?’, ಎಲ್ಲಿ ನೋವು, ಎಂಬುದು ಅನ್ನದಷ್ಟೇ ಅವಶ್ಯ. ಅಲ್ಲಿನ ರಾಷ್ಟ್ರವೀರ ಹೊಸೆ ರಿಸಾಲ್ ಸ್ವತಃ ಕಣ್ಣಿನ ವೈದ್ಯ. ತಾಯಿಯ ಕಣ್ಣಿಗೆ ತಾನೇ ಶಸ್ತ್ರಕ್ರಿಯೆ ಮಾಡಿದವ, ಹಲವಾರು ಭಾಷೆ ಬಲ್ಲವ. 1896ರ ಡಿಸೆಂಬರ್ 30ರಂದು ಸ್ಪೇನಿನ ಸರಕಾರ ಆತನನ್ನು ಗುಂಡಿಕ್ಕಿ ಕೊಂದ ಜಾಗದ ಉದ್ಯಾನದಲ್ಲಿ ಆತನ ಸ್ಮಾರಕವಿದೆ. ಭಾಷೆ ಕಲಿತರೆ ಓದು ಕೆಡುತ್ತದೆ ಎನ್ನುವ ನನ್ನಂಥ ಅಪ್ಪಂದಿರು ಅದರ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಹೊರಡುವ ಹಿಂದಿನ ಸಂಜೆ ಮಗಳು ಲೋಲಾಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಿದ್ದಳು. ‘ಉಮಿನೋಮ್ ನಾ ಪೋ ಬಾ ಕಾಯೊ ನಾಂಗ್ ಗಮೋತ್?’, ಔಷಧಿ ತಗೊಂಡ್ರೇನ್ರಿ? ಲೋಲಾ ‘ಓಪೋ’ ಎಂದು ಚೇಷ್ಟೆಯಿಂದ ಅಣಕಿಸಿದಳು. ಮಗಳು ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು, ಆಕೆಯ ಪಕ್ಕ ಸರಿದು ಕುಳಿತು, ಇನ್ನೇನೋ ಮನೆಮಾತು ಆಡಿದಳು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಲೋಲಾ ಜೋರಾಗಿ ನಕ್ಕು, ಎದ್ದುಹೋಗಿ, ಬೆಳಗಿನ ಮಾತ್ರೆಯನ್ನು ಡಬ್ಬಿಯಿಂದ ತಂದು ನಮ್ಮೆದುರೇ ನುಂಗಿದಳು.

ಮರುದಿನ ಬಾಗಿಲಲ್ಲಿ ನಿಂತು ಆಕೆ ನನ್ನ ಕೊರಳಿಗೆ ಸಂಪಗೀತಾ ಹೂವಿನ ಮಾಲೆ ಹಾಕಿದಳು. ಅದು ಅವರ ರಾಷ್ಟ್ರಪುಷ್ಪ, ನಮ್ಮ ದುಂಡುಮಲ್ಲಿಗೆಯೇ. ‘ಇಙಾತ್ ಪೋ’ ಎಂದಳು. ಜೋಪಾನರೀ.

ಆ ಶಬ್ದದ ನಡುವೆಯೂ ನಮ್ಮ ಙಕಾರವೇ ಇತ್ತು. ‘ಇಙಾತ್ ಪೋ, ಲೋಲಾ’ ಎಂದೆ. ಈ ಸಲ ಯಾರೂ ನಗಲಿಲ್ಲ.