‘ಇಂಪ್’ ಎಂದು ಗುರುತಿಲ್ಲದ ಪುಟ

ಹಳೆಯ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡರೆ ಹಿಂದಿನವರ ಓದೂ ಅದರ ಜೊತೆಗೇ ಬರುತ್ತದೆ. ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಿಂದ ಮೈಸೂರಿಗೆ ಬಂದು ಮೊದಲ ವರ್ಷದ ಬಿ.ಎ.ಗೆ ಸೇರಿದ ಹುಡುಗಿಗೆ ಹಾಗೇ ಆಯಿತು. ಸೀನಿಯರ್ ಅಕ್ಕನೊಬ್ಬಳಿಂದ ಅವಳು ಕೊಂಡ ದೇವನೂರ ಮಹಾದೇವರ ‘ಒಡಲಾಳ’ದ ಅಂಚಿನ ತುಂಬ ಪೆನ್ಸಿಲ್ ಗೀಟು. ಗೀಟಿನ ಪಕ್ಕದಲ್ಲಿ ‘ಇಂಪ್’. ಕೆಲವು ಕಡೆ ‘5 ಅಂಕ’, ಒಂದು ಕಡೆ ‘10 ಅಂಕ, ಎರಡು ಸಲ ಬಂದಿದೆ’. ಗುರುತಿಲ್ಲದ ಪುಟಗಳನ್ನು ಆ ಅಕ್ಕ ತೆರೆದಿದ್ದಳೋ ಇಲ್ಲವೋ ಎಂಬಷ್ಟು ಅವು ಹೊಸದಾಗಿದ್ದವು.

ಹುಡುಗಿಗೆ ಸಿಟ್ಟು ಬಂತು. ಸಿಟ್ಟು ಅಕ್ಕನ ಮೇಲಲ್ಲ. ಪಾಪ, ಅವಳಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು. ಯಾವುದು ಮುಖ್ಯ ಎಂದು ತನಗಿಂತ ಮೊದಲೇ ಯಾರೋ ತೀರ್ಮಾನಿಸಿ ಹೋಗಿದ್ದಾರಲ್ಲ ಎಂಬುದು ಅವಳನ್ನು ಕಾಡಿತು. ರಬ್ಬರ್ ತಗೊಂಡು ಉಜ್ಜಿದಳು. ಗೀಟು ಹೋಯಿತು, ಅಚ್ಚು ಉಳಿಯಿತು.

ಮೊದಲ ವರ್ಷ ಎಂದರೆ ಹೀಗೆಯೇ, ದೊಡ್ಡ ಸಂಗತಿಗಳೆಲ್ಲ ಸರಾಗವಾಗಿ ಸಾಗಿ ಸಣ್ಣವು ಕಾಲಿಗೆ ತೊಡರುತ್ತವೆ. ಊರು ಬಿಟ್ಟು ಬರುವುದು ಅವಳಿಗೆ ಕಷ್ಟವಾಗಲಿಲ್ಲ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ಬಸ್ಸಿನ ಕಾಸಿನ ಲೆಕ್ಕವೇ ಇಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯದ ಟಿಕೆಟ್ ಹರಿದು ಕೊಡುತ್ತಾನೆ. ಮನೆಯಲ್ಲಿ ‘ಬಸ್ ಚಾರ್ಜ್ ಎಲ್ಲಿಂದ ತರೋದು’ ಎಂಬ ಮಾತು ಎಷ್ಟು ಹೆಣ್ಣುಮಕ್ಕಳ ಕಾಲೇಜನ್ನು ಪಿಯುಸಿಗೇ ಮುಗಿಸುತ್ತಿತ್ತು ಎಂಬುದು ಗೊತ್ತಿದ್ದವರಿಗೆ ಆ ಶೂನ್ಯದ ಬೆಲೆ ಗೊತ್ತು. ಕಷ್ಟವಾದದ್ದು ಬೇರೆ ಬೇರೆ. ಕ್ಯಾಂಟೀನಿನಲ್ಲಿ ಯಾವ ಟೇಬಲ್ ಯಾರದು ಎಂಬ ಅಲಿಖಿತ ಕಾನೂನು. ಅಟೆಂಡೆನ್ಸ್ ಶೇ. 75ಕ್ಕಿಂತ ಕೆಳಗಿಳಿದರೆ ಏನಾಗುತ್ತದೆ ಎಂಬ ಗುಲ್ಲು. ಇಂಟರ್ನಲ್ಸ್, ಅಸೈನ್‌ಮೆಂಟು, ಝೆರಾಕ್ಸ್ ಅಂಗಡಿಯ ಮುಂದಿನ ಸಾಲು. ಮತ್ತೆ, ಕನ್ನಡ ಮಾತಾಡುವಾಗ ತನ್ನ ನಾಲಿಗೆಯನ್ನು ತಾನೇ ಕಾಯುವ ಹೊಸ ಅಭ್ಯಾಸ. ‘ಬುಡು’ ಎನ್ನುವ ಕಡೆ ‘ಬಿಡು’, ‘ಯೋಳು’ ಎನ್ನುವ ಕಡೆ ‘ಹೇಳು’. ಪಕ್ಕದಲ್ಲಿ ಕೂತ ಹುಡುಗಿ ಒಮ್ಮೆ ನಕ್ಕಿದ್ದೇ ಸಾಕಾಯಿತು.

ಲ್ಯಾಂಗ್ವೇಜ್ ಕ್ಲಾಸು ಎಂಬುದು ಕ್ಯಾಂಪಸ್ಸಿನ ಸಂತೆ. ಬೇರೆ ಬೇರೆ ಐಚ್ಛಿಕ ವಿಷಯದವರೆಲ್ಲ ಒಂದೇ ಹಾಲಿನಲ್ಲಿ. ಹಿಂದಿನ ಬೆಂಚಿನವರಿಗೆ ಮೇಷ್ಟ್ರ ದನಿ ಕೇಳಿಸದು, ಮೇಷ್ಟ್ರಿಗೆ ಅವರ ಮುಖ ಕಾಣಿಸದು. ಈ ಗದ್ದಲದಲ್ಲೂ ಪಾಠ ಮಾಡಿ ಒಂದಿಬ್ಬರನ್ನಾದರೂ ಪುಸ್ತಕದ ಕಡೆ ತಿರುಗಿಸುವ ಕನ್ನಡ ಮೇಷ್ಟ್ರುಗಳ ಶ್ರಮವನ್ನು ಯಾರೂ ಸಾಕಷ್ಟು ಹೊಗಳಿಲ್ಲ. ಆದರೆ ಪಾಠ ಎಲ್ಲಿಗೇ ಹೋದರೂ ಕೊನೆಗೆ ಬಂದು ನಿಲ್ಲುವುದು ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಎಂಬಲ್ಲಿಗೆ. ಸ್ವಾರಸ್ಯ ಇದೆ ಎಂಬುದು ಪ್ರಶ್ನೆಯಲ್ಲೇ ತೀರ್ಮಾನವಾಗಿರುತ್ತದೆ. ಇಲ್ಲ ಎನ್ನಲು ಉತ್ತರಪತ್ರಿಕೆಯಲ್ಲಿ ಜಾಗವಿಲ್ಲ.

ಹುಡುಗಿ ಒಂದು ಸಂಜೆ ಊರಿನ ಬಸ್ಸಿನಲ್ಲಿ, ಬೇಕೆಂದೇ, ಗುರುತಿಲ್ಲದ ಪುಟಗಳಿಂದ ಓದಲು ಶುರುಮಾಡಿದಳು. ಅಲ್ಲಿ ಸಾಕವ್ವನ ಮನೆಯವರೆಲ್ಲ ಬೆಂಕಿಯ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಸಾಹುಕಾರನ ಕಡೆಯಿಂದ ಕದ್ದು ತಂದ ಮೂಟೆ. ಬೆಳಗಾಗುವುದರೊಳಗೆ ಖಾಲಿಯಾಗಬೇಕು, ಪೊಲೀಸರು ಬಂದರೆ ಒಂದು ಬೀಜವೂ ಸಿಗಬಾರದು. ಮುದುಕರು, ಮಕ್ಕಳು, ದಿನವೂ ಕಾದಾಡುವ ಅಣ್ಣತಮ್ಮಂದಿರು ಎಲ್ಲರೂ ಒಂದು ರಾತ್ರಿಯ ಮಟ್ಟಿಗೆ ಜಗಳ ಮರೆತು ಹೊಟ್ಟೆ ತುಂಬ ತಿನ್ನುತ್ತಾರೆ. ಕನ್ನಡದಲ್ಲಿ ಹಸಿವಿನ ಬಗ್ಗೆ ಬರೆದವರು ಬಹಳ ಮಂದಿ. ಹಸಿದವರು ಉಂಡ ಸಂಭ್ರಮವನ್ನು, ಅದೂ ಭಯದ ನಡುವಿನ ಸಂಭ್ರಮವನ್ನು, ಹೀಗೆ ಬರೆದವರು ಕಡಿಮೆ. ಆ ಪುಟದ ಪಕ್ಕ ಪೆನ್ಸಿಲ್ ಆಡಿರಲಿಲ್ಲ.

ಮನೆಗೆ ಹೋಗಿ ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಅರ್ಧಕ್ಕೇ ತಡೆದು, “ಇದ್ಯಾರವ್ವ ನಮ್ ಮನೆ ಮಾತ್ನ ಬುಕ್ಕಲ್ಲಿ ಬರ್ದಿರೋರು?” ಎಂದು ಕೇಳಿತು. ದೇವನೂರು ಅದೇ ತಾಲ್ಲೂಕಿನ ಊರು ಎಂದಾಗ ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ, ಯಾರ ಮನೆಯವರು ಎಂದು ವಿಚಾರಿಸಿತು ಅಷ್ಟೇ. ಆಶ್ಚರ್ಯವಾದದ್ದು ಹುಡುಗಿಗೆ. ಕಾಲೇಜಿನಲ್ಲಿ ತಾನು ನುಂಗಿಕೊಳ್ಳುತ್ತಿದ್ದ ಮಾತು ಅದೇ ಕಾಲೇಜಿನ ಪಠ್ಯದಲ್ಲಿ ಅಚ್ಚಾಗಿತ್ತು. ಅದು ಅಲ್ಲಿಗೆ ಬಂದು ಕೂತದ್ದು ಹೇಗೆ?

ಸುಮ್ಮನೆ ಬಂದು ಕೂರಲಿಲ್ಲ. ಅದರ ಹಿಂದೊಂದು ಕತೆಯಿದೆ. ಅದು ನಡೆದದ್ದು ಕ್ಯಾಂಪಸ್ಸುಗಳಲ್ಲಿ, ಅದರ ಮೊದಲ ಮಾತು ಹೊರಟದ್ದು ಮೈಸೂರಿನಿಂದಲೇ.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ನಾಡಿನ ತುಂಬ ಕನ್ನಡದ ಸಡಗರ. ಅದೇ ತಿಂಗಳು ಮೈಸೂರಿನಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ, ಮುಂದೆ ಬರಬೇಕಾದವರು ಇಂಗ್ಲಿಷ್ ಓದಬೇಕು ಎಂಬ ಅರ್ಥದ ಮಾತು ಆಡಿದರು. ಬಸವಲಿಂಗಪ್ಪ ಸಾಮಾನ್ಯ ಮಂತ್ರಿಯಲ್ಲ. ಮನುಷ್ಯರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟ ದಲಿತ ನಾಯಕ, ಅಂಬೇಡ್ಕರ್ ವಿಚಾರವನ್ನು ಎದೆಯಲ್ಲಿಟ್ಟುಕೊಂಡವರು. ಈ ಸಾಹಿತ್ಯದಲ್ಲಿ ನಮ್ಮ ಜನ ಎಲ್ಲಿದ್ದಾರೆ ಎಂಬ ಪ್ರಶ್ನೆ ಆ ಮಾತಿನೊಳಗೆ ಇತ್ತು. ಕೇಳಿದವರಿಗೆ ಬೈಗುಳ ಮಾತ್ರ ಕೇಳಿಸಿತು.

ಮರುದಿನದಿಂದ ಕಾಲೇಜುಗಳು ಹೊತ್ತಿಕೊಂಡವು. ಮೈಸೂರು, ಬೆಂಗಳೂರು, ಹೀಗೆ ಊರಿಂದ ಊರಿಗೆ ವಿದ್ಯಾರ್ಥಿಗಳ ಮೆರವಣಿಗೆ, ತರಗತಿ ಬಹಿಷ್ಕಾರ, ಸಚಿವರ ರಾಜೀನಾಮೆಗೆ ಒತ್ತಾಯ. ಕನ್ನಡದ ಅಭಿಮಾನದ ಹೆಸರಿನಲ್ಲಿ ಹೊರಟ ಸಿಟ್ಟು ಬಲುಬೇಗ ಜಾತಿಯ ಸಿಟ್ಟಾಯಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರಿದ್ದ ಹಾಸ್ಟೆಲ್‌ಗಳ ಮೇಲೆ ದಾಳಿಯಾಯಿತು. ಸಾಹಿತ್ಯವನ್ನು ಕಾಪಾಡಲು ಹೊರಟವರು ಪಕ್ಕದ ಬೆಂಚಿನ ಸಹಪಾಠಿಗೆ ಹೊಡೆದರು. ಪಂಪನಿಂದ ಹಿಡಿದು ಹತ್ತು ಶತಮಾನಗಳ ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಅವಮಾನ ಆಗಿರಲಾರದು. ಮಂತ್ರಿಯ ಮಾತಿಂದಂತೂ ಆಗಿರಲಿಲ್ಲ.

ಬಸವಲಿಂಗಪ್ಪ ಸಚಿವ ಸ್ಥಾನ ಬಿಡಬೇಕಾಯಿತು. ಆದರೆ ಅವರ ಮಾತಿನ ಬೆಂಬಲಕ್ಕೆ ನಿಂತವರಲ್ಲಿ ಕುವೆಂಪು ಇದ್ದರು ಎಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಬೇಕು. ಮಹಾರಾಜ ಕಾಲೇಜಿನಲ್ಲಿ ಓದಿ, ಅಲ್ಲೇ ಕನ್ನಡ ಕಲಿಸಿ, ಅಲ್ಲೇ ಪ್ರಾಂಶುಪಾಲರಾಗಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಮಾನಸಗಂಗೋತ್ರಿಯನ್ನು ಕಟ್ಟಿದವರು ಅವರು. ಕನ್ನಡ ಸಾಹಿತ್ಯದ ಪರವಾಗಿ ನೊಂದುಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿತ್ತು. ಅವರು ನೊಂದುಕೊಳ್ಳಲಿಲ್ಲ. ಸಾಹಿತ್ಯದ ಒಳಗೇ ಬದುಕಿದವರಿಗೆ ಅದರಲ್ಲಿ ಜೊಳ್ಳೂ ಇದೆ ಎಂದು ಒಪ್ಪಲು ಭಯವಿರುವುದಿಲ್ಲ.

ಆ ದಿನಗಳಲ್ಲಿ ಬೆಂಗಳೂರಿನ ಸರ್ಕಾರಿ ಕಲಾ ಕಾಲೇಜಿನಲ್ಲಿ ಓದುತ್ತಿದ್ದವರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯ ಒಬ್ಬರು. ಅವರ ಆತ್ಮಕಥನ ‘ಊರುಕೇರಿ’ಯನ್ನು ಹಾಸ್ಟೆಲ್‌ನಲ್ಲಿರುವ ಯಾವ ವಿದ್ಯಾರ್ಥಿಯಾದರೂ ಪಠ್ಯವಲ್ಲದಿದ್ದರೂ ಓದಬೇಕು. ಹಾಸ್ಟೆಲಿನ ಅನ್ನ, ಗೆಳೆಯರ ಪುಂಡಾಟ, ಹಸಿವಿನ ನಡುವಿನ ತಮಾಷೆ, ಸದ್ದುಗದ್ದಲವಿಲ್ಲ ಎಂದು ಸ್ಮಶಾನದಲ್ಲಿ ಕೂತು ಓದುತ್ತಿದ್ದ ದಿನಗಳು ಎಲ್ಲವೂ ಅಲ್ಲಿವೆ. ಓದುವಾಗ ನಗು ಬರುತ್ತದೆ, ನಕ್ಕ ಮೇಲೆ ಯಾಕೆ ನಕ್ಕೆವು ಎಂದು ಗಂಟಲು ಕಟ್ಟುತ್ತದೆ. ಅವರ ಗೆಳೆಯ, ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದ ಡಿ.ಆರ್. ನಾಗರಾಜ್, ಬಡವರ ನಗುವಿಗಿರುವ ಶಕ್ತಿಯ ಬಗ್ಗೆ ಆ ಪುಸ್ತಕಕ್ಕೆ ಬರೆದ ಮಾತುಗಳು ಇಂದಿಗೂ ಆ ಕೃತಿಯ ಜೊತೆಗೇ ನೆನಪಾಗುತ್ತವೆ. ಒಂದು ಕಾಲೇಜಿನ ಕಾರಿಡಾರಿನಲ್ಲಿ ಹುಟ್ಟಿದ ಸ್ನೇಹ ಒಂದು ಭಾಷೆಗೆ ಒಬ್ಬ ಕವಿಯನ್ನೂ ಒಬ್ಬ ವಿಮರ್ಶಕನನ್ನೂ ಒಟ್ಟಿಗೆ ಕೊಟ್ಟಿತು. ಕ್ಯಾಂಪಸ್ ಬದುಕು ಎಂದರೆ ಇದೂ ಹೌದು.

ಬೂಸಾ ಗಲಾಟೆ ಹತ್ತಿಕ್ಕಿದ್ದು ಒಬ್ಬ ಮಂತ್ರಿಯನ್ನು. ಎಬ್ಬಿಸಿದ್ದು ಒಂದು ತಲೆಮಾರನ್ನು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ನಂಜನಗೂಡು ಸೀಮೆಯ ಆಡುನುಡಿಯಲ್ಲೇ ದೇವನೂರರು ಬರೆದ ‘ಕುಸುಮಬಾಲೆ’ 1984ರಲ್ಲಿ ಪ್ರಕಟವಾಗಿ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. 1994ರಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂತು. ಇವೆಲ್ಲ ಒಂದೊಂದಾಗಿ ಪಠ್ಯಗಳಾದವು. ಎಲ್ಲಿದ್ದೇವೆ ನಾವು ಎಂದು ಕೇಳಿದವರೇ ಉತ್ತರವನ್ನೂ ಬರೆದುಕೊಂಡರು.

ಹುಡುಗಿಯ ಕೈಯಲ್ಲಿರುವ ಪುಸ್ತಕ ಹೀಗೆ, ಓದುವವರು ಸಾಹಿತ್ಯವನ್ನು ತೂಗಿ ನೋಡಿದ್ದರಿಂದ, ಸಾಲದು ಎಂದದ್ದರಿಂದ, ಪಠ್ಯದ ಪಟ್ಟಿಗೆ ಬಂದದ್ದು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ. ಜಗಳದಿಂದ ಗೆದ್ದು ತಂದ ಪುಸ್ತಕವನ್ನು ಐದು ಅಂಕದ ಪ್ಯಾರಾಗಳಾಗಿ ಕತ್ತರಿಸಿ ಕೊಟ್ಟರು. ‘ಸಾಕವ್ವನ ಪಾತ್ರವನ್ನು ವಿಶ್ಲೇಷಿಸಿ’ ಎಂಬ ಪ್ರಶ್ನೆಗೆ ಗೈಡಿನಲ್ಲಿ ಒಂದೂವರೆ ಪುಟದ ಉತ್ತರವಿದೆ. ಪರೀಕ್ಷೆಯ ದಿನ ನೂರಾರು ಉತ್ತರಪತ್ರಿಕೆಗಳಲ್ಲಿ ಅದೇ ಒಂದೂವರೆ ಪುಟ. ಸಾಕವ್ವನಂಥ ಅಜ್ಜಿಯರು ಮನೆಯಲ್ಲೇ ಇರುವ ಮಕ್ಕಳೂ ಗೈಡಿನ ಸಾಕವ್ವನನ್ನೇ ಬರೆಯುತ್ತಾರೆ. ಮಕ್ಕಳದ್ದೇನು ತಪ್ಪು? ತಮ್ಮ ಮಾತಿಗೆ ಅಂಕವಿದೆ ಎಂದು ಅವರಿಗೆ ಯಾರೂ ಭರವಸೆ ಕೊಟ್ಟಿಲ್ಲ.

ಪರೀಕ್ಷೆಯ ಅಳತೆಗೋಲು ಎಷ್ಟು ಮೋಸ ಹೋಗಬಲ್ಲದು ಎಂಬುದಕ್ಕೆ ಮೈಸೂರಿನಲ್ಲೇ ಇನ್ನೊಂದು ಸಾಕ್ಷಿಯಿದೆ. ಆರ್.ಕೆ. ನಾರಾಯಣ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದದ್ದು ಇಂಗ್ಲಿಷಿನಲ್ಲಿ! ಆ ವರ್ಷವೆಲ್ಲ ಮನೆಯಲ್ಲಿ ಕೂತು, ಸುತ್ತಾಡಿ, ಯಾರೂ ಗುರುತು ಮಾಡಿಕೊಡದ ಪುಸ್ತಕಗಳನ್ನು ತಮಗಿಷ್ಟ ಬಂದಂತೆ ಓದಿದರು. ಮತ್ತೆ ಬರೆದು ಪಾಸಾಗಿ ಮಹಾರಾಜ ಕಾಲೇಜು ಸೇರಿ, 1930ರಲ್ಲಿ ಬಿ.ಎ. ಮುಗಿಸಿದರು. 1937ರಲ್ಲಿ ಬಂದ ಅವರ ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ ಕಾದಂಬರಿಯಲ್ಲಿ ಚಂದ್ರನ್ ಎಂಬ ಹುಡುಗ ಓದಿನ ವೇಳಾಪಟ್ಟಿ ಹಾಕುವುದರಲ್ಲೇ ಓದುವ ಹೊತ್ತನ್ನು ಕಳೆಯುತ್ತಾನೆ. ಇತಿಹಾಸಕಾರರನ್ನು ಮೊದಲು ಮುಗಿಸಬೇಕು ಎಂಬ ವಿಷಯದ ಮೇಲೆ ಕಾಲೇಜಿನ ಚರ್ಚಾಕೂಟದಲ್ಲಿ ವಾದಿಸುತ್ತಾನೆ. ಅಂಥ ತಲೆಹರಟೆ ವಿಷಯಕ್ಕೂ ವೇದಿಕೆ ಕೊಟ್ಟ ಕಾಲೇಜು ಅದು. ಈಗಿನ ಸೆಮಿಸ್ಟರುಗಳ ಓಟದಲ್ಲಿ ಅಂಥ ಸಂಜೆಗಳಿಗೆ ಪುರುಸೊತ್ತು ಸಿಗುವುದು ಕಷ್ಟವಾಗಿದೆ, ಅದು ನಿಜವಾದ ನಷ್ಟ.

ಮೊದಲ ವರ್ಷದವರಿಗೆ ಓದಲು ಬರುವುದಿಲ್ಲ, ಮೊಬೈಲ್ ಬಿಟ್ಟು ಏನೂ ಬೇಡ ಎಂದು ಹೇಳುವವರ ಮಾತನ್ನು ಈ ಲೇಖನ ಒಪ್ಪುವುದಿಲ್ಲ. ಓದುತ್ತಾರೆ. ಬಸ್ಸಿನಲ್ಲಿ ನಿಂತುಕೊಂಡೂ ಓದುತ್ತಾರೆ. ಓದಿದ್ದರ ಬಗ್ಗೆ ಅವರಿಗೆ ಅಭಿಪ್ರಾಯವೂ ಇರುತ್ತದೆ, ಕ್ಯಾಂಟೀನಿನಲ್ಲಿ ಅದನ್ನು ಜೋರಾಗಿ ಹೇಳುತ್ತಾರೆ, ‘ಆ ಪದ್ಯ ಬೋರು ಕಣೆ’ ಎನ್ನುತ್ತಾರೆ. ಯಾಕೆ ಬೋರು ಎಂದು ಮುಂದಿನ ಪ್ರಶ್ನೆ ಕೇಳುವವರು ಬೇಕು. ಅಲ್ಲಿಂದಲೇ ವಿಮರ್ಶೆ ಹುಟ್ಟುವುದು. 1973ರಲ್ಲಿ ಆ ಪ್ರಶ್ನೆ ಎತ್ತಿದವರಿಗೆ ಕಲ್ಲೇಟು ಸಿಕ್ಕಿತು. ಈಗ ಕಲ್ಲು ಎಸೆಯುವವರಿಲ್ಲ, ಕೇಳಿಸಿಕೊಳ್ಳುವವರೂ ಇಲ್ಲ.

ಆದ್ದರಿಂದ ಪ್ರಶ್ನೆಪತ್ರಿಕೆ ತಯಾರಿಸುವ ಕನ್ನಡ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಬೇಡಿಕೆ. ಬರುವ ಸೆಮಿಸ್ಟರಿನಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸಿ: ‘ನಿಮ್ಮ ಪಠ್ಯದಲ್ಲಿ ನಿಮಗೆ ಹಿಡಿಸದ ಬರಹ ಯಾವುದು? ಏಕೆ?’ ಅದಕ್ಕೆ ಹತ್ತು ಅಂಕ ಇಡಿ, ಉತ್ತರ ಹೇಗೇ ಇದ್ದರೂ ಪೂರ್ತಿ ಓದಿ.