ಕೆರೆ, ಬಾವಿ ಮತ್ತು ರಸ್ತೆ

ಪದ್ಯ ಬರೆಯೋರಿಗೆ ಬಸ್ಸಿನ ಉಸಾಬರಿ ಯಾಕ್ರಯ್ಯ ಅಂತ ಹಿರಿಯ ಗೆಳೆಯರೊಬ್ಬರು ಕೇಳಿದರು. ಬಸ್ಸಿಗೆ ಕಾಯದವರು ಮಾತ್ರ ಕೇಳಬಹುದಾದ ಪ್ರಶ್ನೆ ಇದು. ನಮ್ಮ ಪದ್ಯಗಳಲ್ಲಿ ಅರ್ಧ ಪಾಲು ಹುಟ್ಟಿರುವುದೇ ಬಸ್‌ಸ್ಟಾಪಿನಲ್ಲಿ ನಿಂತು. ಹಾಗಾಗಿ ಈ ಉಸಾಬರಿ ನಮ್ಮದೇ.

ನಾವು ಅಂದರೆ ಯಾರು ಅಂತ ಹೇಳಿಬಿಡುತ್ತೇವೆ. ಊರಿನ ಕೂಲಿ ಹೊಟ್ಟೆಗೆ ಸಾಲದೆ ಬೆಂಗಳೂರಿನ ಅಂಚಿಗೆ ಬಂದು ಬಿದ್ದವರ ಮಕ್ಕಳು. ಮನೆತನದಲ್ಲಿ ಮೊದಲು ಡಿಗ್ರಿ ಕಂಡವರು. ನಮ್ಮವ್ವಂದಿರು ಕತ್ತಲಲ್ಲೇ ಎದ್ದು ಪಟ್ಟಣದ ಬೀದಿ ಗುಡಿಸೋಕೆ ಹೊರಡುತ್ತಾರೆ. ಅಕ್ಕಂದಿರು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅಪ್ಪಂದಿರು ಗಾರೆ ಕೆಲಸಕ್ಕೆ. ಈ ಪಟ್ಟಣ ಎದ್ದು ಮುಖ ತೊಳೆಯುವ ಹೊತ್ತಿಗೆ ನಮ್ಮ ಮನೆಯವರು ಎರಡು ಬಸ್ಸು ಬದಲಾಯಿಸಿ ಆಗಿರುತ್ತದೆ.

ನಮ್ಮಕ್ಕ ಹೋಗುವ ಫ್ಯಾಕ್ಟರಿಯಲ್ಲಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಯಿತು. "ಬಸ್ಸೇ ಬರ್ನಿಲ್ಲ ಸಾರ್, ನಾನೇನ್ ರೆಕ್ಕೆ ಕಟ್ಕಂಡು ಬರ್ಲಾ?" ಅಂತ ಒಂದು ದಿನ ಕೇಳಿಯೇಬಿಟ್ಟಳು. "ಮೊದಲ ಬಸ್ಸಿಗೇ ಬಾ" ಅಂದನಂತೆ ಸೂಪರ್‌ವೈಸರು. ಅವಳು ಕಾದಿದ್ದು ಮೊದಲ ಬಸ್ಸಿಗೇ.

ಓದಿದ ತಪ್ಪಿಗೆ ನಾವೊಂದು ಲೆಕ್ಕ ಹಾಕಿದೆವು. ಒಂದು ರೂಟಿಗೆ ಆರು ಬಸ್ಸು ಬಿಟ್ಟಿದ್ದಾರೆ ಅನ್ನಿ. ಹೋಗಿ ತಿರುಗಿ ಬರೋಕೆ ಎರಡು ಗಂಟೆಯಾದರೆ ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಸಿಗುತ್ತದೆ. ಕಾರುಗಳ ಜಾತ್ರೆಯಲ್ಲಿ ಸಿಕ್ಕಿ ಅದೇ ದಾರಿಗೆ ಮೂರು ಗಂಟೆ ಹಿಡಿದರೆ ಅರ್ಧ ಗಂಟೆಗೊಂದು. ಬಸ್ಸು ಅಷ್ಟೇ, ಡ್ರೈವರು ಅಷ್ಟೇ, ಡೀಸೆಲ್ಲು ಮಾತ್ರ ಜಾಸ್ತಿ. ಸ್ಟಾಪಿನಲ್ಲಿ ನಿಂತವರಿಗೆ ಹತ್ತು ನಿಮಿಷದ ತನಕ ಕಾಯೋದು ಹೆಚ್ಚಾಯಿತು. ಆ ಹತ್ತು ನಿಮಿಷವೇ ಅಕ್ಕನ ಅರ್ಧ ದಿನದ ಸಂಬಳ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಬಸ್ಸಿಗೆ ಅಡ್ಡಿಯಿಲ್ಲದ ದಾರಿ ಬಿಟ್ಟುಕೊಟ್ಟರೆ ಒಂದು ಹೊಸ ಬಸ್ಸೂ ಕೊಳ್ಳದೆ ಮೊದಲಿಗಿಂತ ಬೇಗ ಬೇಗ ಬಸ್ಸು ಬರುತ್ತದೆ. ನಗರ ಸಾರಿಗೆ ಯೋಜನೆ ಅಂತ ದೊಡ್ಡ ಹೆಸರಿಟ್ಟಿದ್ದಾರಲ್ಲ, ದಾರಿಯನ್ನು ಯಾರಿಗೆ ಎಷ್ಟು ಹಂಚಬೇಕು ಅನ್ನುವುದೇ ಅದರ ಮುಕ್ಕಾಲು ಪಾಲು.

ಹಂಚುವ ಮಾತು ಬಂದರೆ ನಮಗೆ ಹಳೆಯದೆಲ್ಲ ನೆನಪಾಗುತ್ತದೆ. ದಾರಿಯಾಗಲಿ ಗಾಡಿಯಾಗಲಿ ನಮಗೆ ಎಂದೂ ಸುಮ್ಮನೆ ಸಿಕ್ಕಿದ್ದಲ್ಲ. 1901ರಲ್ಲಿ ಬಾಲಕ ಭೀಮರಾಯ ಕೋರೆಗಾವಿನಲ್ಲಿದ್ದ ತಂದೆಯನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದ. ಮಹಾರರ ಮಕ್ಕಳು ಅಂತ ಗೊತ್ತಾದದ್ದೇ ತಡ, ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು. ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬಂದ. 1929ರಲ್ಲಿ, ಪರದೇಶದಲ್ಲಿ ಓದಿ ಬ್ಯಾರಿಸ್ಟರಾಗಿ, ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿದ್ದಾಗಲೂ ಚಾಳೀಸಗಾಂವದಲ್ಲಿ ಟಾಂಗಾದವರು ಬಾಬಾಸಾಹೇಬರನ್ನು ಕೂರಿಸಿಕೊಂಡು ಹೋಗಲು ಒಪ್ಪಲಿಲ್ಲ. ಟಾಂಗಾ ಹೊಡೆದು ಅಭ್ಯಾಸವಿಲ್ಲದ ಕೇರಿಯ ಹುಡುಗ ಹೊಡೆದ. ಟಾಂಗಾ ಅಪಘಾತಕ್ಕೆ ಸಿಕ್ಕಿ ಅವರ ಕಾಲು ಮುರಿಯಿತು.

ಅದೇ ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿ ಕೊಟ್ಟ ಸಂವಿಧಾನದ 15ನೇ ವಿಧಿ ತೆಗೆದು ಓದಿ. ಅದರ ಎರಡನೇ ಖಂಡದಲ್ಲಿ ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೇ ರಸ್ತೆಯೂ ಕೂತಿದೆ. ಜಾತಿಯ ಕಾರಣಕ್ಕೆ ಇವುಗಳಿಂದ ಯಾರನ್ನೂ ದೂರ ಇಡಕೂಡದು. ನೀರಿನ ಪಕ್ಕದಲ್ಲಿ ರಸ್ತೆ ಯಾಕೆ ಬಂತು ಅಂತ ಪಾಠ ಹೇಳುವ ಮೇಷ್ಟ್ರುಗಳು ಹೇಳಲಿಲ್ಲ. ನೀರು ಎತ್ತಿಕೊಳ್ಳಲಾಗದ ಬಾವಿ ಹೇಗೋ, ಕೆಲಸಕ್ಕೆ ಮುಟ್ಟಿಸದ ರಸ್ತೆಯೂ ಹಾಗೇ ಅಂತ ನಮಗೆ ಬಸ್‌ಸ್ಟಾಪು ಕಲಿಸಿತು.

ಇವತ್ತು ಬೆಂಗಳೂರಿನ ರಸ್ತೆಯಲ್ಲಿ ಯಾರೂ ನಮ್ಮ ಜಾತಿ ಕೇಳಿ ತಡೆಯುವುದಿಲ್ಲ, ನಿಜ. ಬಸ್ಸಿನ ಸೀಟಿನಲ್ಲಿ ಯಾರ ಪಕ್ಕ ಯಾರು ಕೂತರೂ ಕಂಡಕ್ಟರು ಕುಲ ವಿಚಾರಿಸುವುದಿಲ್ಲ. ಅದಕ್ಕೇ ಆ ಸೀಟಿನ ಮೇಲೆ ನಮಗೆ ಅಷ್ಟು ಪ್ರೀತಿ. ಆದರೆ ಕೆರೆಗೆ ಒಬ್ಬ ಪಂಪು ಹಾಕಿ ಎಳೆಯುತ್ತ, ಮಿಕ್ಕ ನೂರು ಜನ ಚೊಂಬು ಹಿಡಿದು ಸರದಿಯಲ್ಲಿ ನಿಂತರೆ ಅದನ್ನು ಸಮಾನತೆ ಅನ್ನುತ್ತೀರಾ? ಐವತ್ತು ಅರವತ್ತು ಜನರನ್ನು ಹೊತ್ತ ಬಸ್ಸು ಎರಡು ಮೂರು ಕಾರಿನ ಜಾಗ ತಗೊಳ್ಳುತ್ತದೆ. ಅಷ್ಟು ಕಾರಿನಲ್ಲಿ ಇರೋರು ಮೂರೋ ನಾಲ್ಕೋ ಜನ. ಈ ಊರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಬಿಎಂಟಿಸಿ ಬಸ್ಸುಗಳು ಆರೇಳು ಸಾವಿರ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ ರಸ್ತೆಯನ್ನು ಹಂಚುವಾಗ ವಾಹನ ಎಣಿಸಬೇಡಿ, ಜನರನ್ನು ನೋಡಿ ಅಂತ ಕೇಂದ್ರ ಸರ್ಕಾರವೇ ಹೇಳಿದೆ. ಕಾಗದ ನಮ್ಮ ಕಡೆಗಿದೆ. ಡಾಂಬರು ಇನ್ನೂ ಬಂದಿಲ್ಲ.

ಆಗದ ಮಾತು ಅನ್ನಬೇಡಿ. ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಚಿಗರಿ ಬಸ್ಸು ತನ್ನದೇ ಪಥದಲ್ಲಿ ಓಡಲು ಶುರುಮಾಡಿತು, ಇಪ್ಪತ್ತೆರಡು ಕಿಲೋಮೀಟರಿನಷ್ಟು ದೂರ. ಬೆಂಗಳೂರಿನಲ್ಲೂ 2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೇ ಅಂತ ಒಂದು ಪಥ ಬಿಟ್ಟು ಗೂಟ ನೆಟ್ಟರು. ಬಸ್ಸುಗಳು ಮೊದಲಿಗಿಂತ ಬೇಗ ಮುಟ್ಟಿದವು. ಆಮೇಲೆ ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಗೂಟ ಹೋದವು, ಪಥವೂ ಹೋಯಿತು. ಅದೇ ಊರಿನಲ್ಲಿ ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದ ಅಡಿಯಲ್ಲಿ ಸುರಂಗ ಕೊರೆಯಲು ಸಾವಿರಾರು ಕೋಟಿಯ ಯೋಜನೆ ಹಾಕಿದ್ದಾರೆ. ಗೂಟ ನೆಡೋಕೆ ಬೇಕಾದದ್ದು ದುಡ್ಡಲ್ಲ, ಮನಸ್ಸು.

ಮೆಟ್ರೊ ಬೇಡ ಅಂತ ನಾವು ಹೇಳುವುದಿಲ್ಲ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಲು ಶುರುವಾದ ಅದು ಈಗ ಊರಿನ ಉದ್ದಗಲಕ್ಕೂ ಚಾಚುತ್ತಿದೆ. 2025ರ ಜನವರಿಯಲ್ಲಿ ಬಸ್ಸಿನ ದರ ನೂರಕ್ಕೆ ಹದಿನೈದರಂತೆ ಏರಿತು. ಮರುತಿಂಗಳೇ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಗಾರೆ ಕೆಲಸದ ಅಪ್ಪ ಹೋಗಿ ಬರೋಕೇ 180 ಕೊಟ್ಟರೆ ಸಂಜೆ ಅಕ್ಕಿ ಏನು ತರೋದು?

ಇನ್ನು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲದ ಪಯಣ. ಅದಕ್ಕೂ ಮೊದಲು ನಮ್ಮವ್ವ ಒಂದು ಸ್ಟೇಜಿನ ದುಡ್ಡು ಉಳಿಸೋಕೆ ಮುಂದಿನ ಸ್ಟಾಪಿನ ತನಕ ನಡೆದು ಬಸ್ಸು ಹತ್ತುತ್ತಿದ್ದಳು. ಆಮೇಲೆ ನಡೆಯೋದು ತಪ್ಪಿತು. ಮೊದಲ ದಿನದ ಸೊನ್ನೆ ರೂಪಾಯಿ ಟಿಕೇಟನ್ನು ಎಲೆ ಅಡಿಕೆ ಚೀಲದಲ್ಲಿ ಮಡಿಸಿಟ್ಟುಕೊಂಡಿದ್ದಳು. 2025ರ ಜುಲೈ ಹೊತ್ತಿಗೆ ಇಂಥ ಟಿಕೇಟು ರಾಜ್ಯದಲ್ಲಿ ಐನೂರು ಕೋಟಿ ಮುಟ್ಟಿತು. ಇದಕ್ಕೆ ಬಿಟ್ಟಿ ಬಸ್ಸು ಅಂತ ಹೆಸರಿಟ್ಟು ನಗುವ ದೊಡ್ಡವರಿದ್ದಾರೆ. ಸ್ವಾಮಿ, ನಿಮ್ಮ ಕಾರು ಹತ್ತಿಳಿಯುವ ಫ್ಲೈಓವರಿಗೆ ನೀವು ಯಾವ ಕಂಡಕ್ಟರ ಹತ್ತಿರ ಟಿಕೇಟು ತಗೊಂಡಿರಿ? ಅದನ್ನು ಕಟ್ಟಿದ ದುಡ್ಡಿನಲ್ಲಿ ನಮ್ಮವ್ವ ಕೊಂಡ ಸೋಪಿನ ತೆರಿಗೆಯೂ ಇದೆ. ಆದರೂ ಒಂದು ಮಾತು ಸರ್ಕಾರಕ್ಕೂ ಹೇಳಬೇಕು. ಟಿಕೇಟು ಸೊನ್ನೆಯಾದರೆ ಸಾಲದು, ಬಸ್ಸು ಬರಬೇಕು. ಬಂದ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಬೇಕು.

ಮನೆಯ ವಿಚಾರವೂ ಇದರಲ್ಲೇ ಸೇರಿದೆ. 2013ರ ಜನವರಿಯಲ್ಲಿ ಈಜಿಪುರದಲ್ಲಿ ಬಡವರ ಶೆಡ್ಡುಗಳನ್ನು ಕೆಡವಿದರು. ಅಲ್ಲಿದ್ದ ಹೆಂಗಸರು ಎಷ್ಟೋ ಮಂದಿ ಪಕ್ಕದ ಕೋರಮಂಗಲದಲ್ಲಿ ಮನೆಗೆಲಸ ಮಾಡಿ ಬದುಕುತ್ತಿದ್ದವರು. ಅವರಿಗೆ ಬದಲಿ ಜಾಗ ಅಂತ ತೋರಿಸಿದ್ದು ದೂರದ ಸೂಲಿಕುಂಟೆಯನ್ನು. ಮನೆಯನ್ನು ಊರಾಚೆ ಇಟ್ಟು ಕೆಲಸವನ್ನು ಊರೊಳಗೆ ಇಟ್ಟರೆ ನಡುವಿನ ದೂರವನ್ನು ಯಾರು ತುಂಬಬೇಕು? ಹೊಲಗೇರಿಯನ್ನು ಊರಿಂದ ಆಚೆ ಇಟ್ಟವರಿಗೆ ಹೊಸ ನಕ್ಷೆ ಬರೆಯೋದು ಕಷ್ಟವಾಗಲಿಲ್ಲ.

ನಗರದ ಸಾರಿಗೆಯನ್ನೆಲ್ಲ ಒಂದೇ ಕಡೆ ಕೂತು ಯೋಜಿಸಲು ಬೆಂಗಳೂರಿಗಾಗಿ 2022ರಲ್ಲಿ ಶಾಸನಸಭೆ ಒಂದು ಕಾಯಿದೆ ಪಾಸು ಮಾಡಿತು. ಒಳ್ಳೆಯದೇ. ಅಂಥ ಮೇಜಿನ ಸುತ್ತ ಕೂರುವವರನ್ನು ನಾವು ಕೇಳುವುದು ಇಷ್ಟು. ದೊಡ್ಡ ರಸ್ತೆಗಳಲ್ಲಿ ಒಂದು ಪಥ ಬಸ್ಸಿಗೆ ಬಿಡಿ. ಬಸ್ಸಿನ ವೇಳಾಪಟ್ಟಿಯನ್ನು ಆಫೀಸಿನ ಹತ್ತು ಗಂಟೆಗೆ ಹೊಂದಿಸಿದ್ದು ಸಾಕು, ಬೀದಿ ಗುಡಿಸುವವರ ಹಾಜರಿಗೆ, ಗಾರ್ಮೆಂಟ್ಸಿನ ಪಾಳಿಗೆ ಹೊಂದಿಸಿ. ಎಲ್ಲ ದಾರಿಯೂ ಮೆಜೆಸ್ಟಿಕ್ಕು, ಮಾರ್ಕೆಟ್ಟು, ಶಿವಾಜಿನಗರಕ್ಕೇ ಹೋಗಬೇಕಿಲ್ಲ; ಅಂಚಿನಿಂದ ಅಂಚಿಗೆ ಹೋಗುವ ನಮ್ಮಂಥವರೂ ಇದ್ದೇವೆ. ಬಡವರಿಗೆ ಮನೆ ಕೊಡುವುದಾದರೆ ಬೀಗದಕೈ ಕೊಡುವ ಮೊದಲು ಆ ಜಾಗಕ್ಕೆ ಬಸ್ಸು ಬಿಡಿ.

ನಕ್ಷೆ ಬರೆಯುವ ಮೊದಲು ಒಂದು ವಾರ ಬೆಳಿಗ್ಗೆ ಐದಕ್ಕೆ ನಮ್ಮ ಸ್ಟಾಪಿಗೆ ಬನ್ನಿ. ಅಲ್ಲಿ ನಿಂತಿರುವ ಹೆಂಗಸರನ್ನು ಕೇಳಿ. ಯಾವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಬೇಕು ಅಂತ ಅವರು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ಬರೆದುಕೊಳ್ಳೋಕೆ ಪೆನ್ನು ತನ್ನಿ. ಅವರು ಹೇಳಿದ್ದನ್ನು ಮಾಡದೆ ಹೋದರೆ ಬಂದು ಕೇಳೋಕೆ ನಾವು ಓದಿದವರು ಇದ್ದೇವೆ.