ಅಗಿಯೋಕೆ ಆಗದವರಿಗೂ ಒಂದು ಮೂಸ್

1/6
ಫ್ರೆಂಡ್ಸ್, ಹೋದ ವಾರ ಸ್ಟೋರಿಯಲ್ಲಿ ಹಾಕಿದ್ದ ಚಾಕೊಲೇಟ್ ಮೂಸ್ ನೋಡಿ ತುಂಬಾ ಜನ ರೆಸಿಪಿ ಕೇಳಿದ್ರಿ. ಒಬ್ಬೊಬ್ಬರಿಗೂ ಮೆಸೇಜ್ ಮಾಡೋ ಬದಲು ಇಲ್ಲೇ ಆರು ಪೋಸ್ಟಲ್ಲಿ ಬರೀತಿದೀನಿ. ಮೊದಲೇ ಹೇಳ್ಬಿಡ್ತೀನಿ, ಇದರಲ್ಲಿ ಮೊಟ್ಟೆ ಇಲ್ಲ, ಕ್ರೀಮ್ ಇಲ್ಲ, ಜೆಲಟಿನ್ ಇಲ್ಲ. ಓವನ್ ಬೇಡ, ಬೀಟರ್ ಮಿಷನ್ನೂ ಬೇಡ. ಚಾಕೊಲೇಟ್, ನೀರು, ಐಸ್ ಇದ್ರೆ ಸಾಕು. ಮಿಕ್ಕಿದ್ದು ನಿಮ್ಮ ಕೈ.

ಮೂಸ್ ಅಂದ್ರೆ ಫ್ರೆಂಚಲ್ಲಿ ನೊರೆ. ಹಳೇ ಪದ್ಧತಿಯಲ್ಲಿ ಮೊಟ್ಟೆಯ ಬಿಳಿಭಾಗ ಕಡೆದು ನೊರೆ ಮಾಡ್ತಾರೆ, ಅದೂ ಹಸಿಯಾಗೇ. ನಮ್ಮನೇಲಿ ಮೊಟ್ಟೆ ಬಾಗಿಲು ದಾಟಲ್ಲ, ಅಮ್ಮನ ರೂಲ್ಸು. ಕ್ರೀಮಲ್ಲೂ ಮಾಡ್ಬಹುದು, ಆದ್ರೆ ಅಂಗಡೀಲಿ ಸಿಗೋ ಫ್ರೆಶ್ ಕ್ರೀಮ್ ಪ್ಯಾಕೆಟ್ಟಲ್ಲಿ ಕೊಬ್ಬು ಸಾಮಾನ್ಯವಾಗಿ 25 ಪರ್ಸೆಂಟ್. ಎಷ್ಟು ಕಡೆದ್ರೂ ಸರಿಯಾಗಿ ನಿಲ್ಲಲ್ಲ. ನಿಲ್ಲಬೇಕು ಅಂದ್ರೆ 30ಕ್ಕಿಂತ ಜಾಸ್ತಿ ಇರೋ ವಿಪ್ಪಿಂಗ್ ಕ್ರೀಮೇ ತರಬೇಕು. ಹುಡುಕ್ತಾ ಹೋದಾಗ ಸಿಕ್ಕಿದ್ದು ಈ ನೀರಿನ ಮೂಸ್.

2/6
ಯಾರಿಗೋಸ್ಕರ ಇಷ್ಟೆಲ್ಲ ಹುಡುಕಾಟ ಅಂತ ಕೇಳಿದವರಿಗೆ: ನಮ್ಮಜ್ಜಿಗೆ.

ಅಜ್ಜಿ ಇರೋದು ಗುಬ್ಬಿ ಹತ್ರ ತೋಟದಲ್ಲಿ. ತೆಂಗು, ಅಡಿಕೆ. ಮದುವೆಯಾಗಿ ಬಂದಾಗಿಂದ ಎಲೆ ಅಡಿಕೆ ಹಾಕೋ ಅಭ್ಯಾಸ. ಸೊಂಟದಲ್ಲಿ ಸಂಚಿ ಇಲ್ದೇ ಅಜ್ಜೀನ ನಾನು ನೋಡೇ ಇಲ್ಲ. ಎರಡು ವರ್ಷದಿಂದ ಖಾರ ತಿಂದ್ರೆ ಬಾಯಿ ಉರೀತದೆ ಅಂತಿದ್ರು. ಆಮೇಲೆ ಮುದ್ದೆ ತುತ್ತು ಬಾಯಿಗೆ ಹೋಗ್ತಿರಲಿಲ್ಲ. ತುಮಕೂರಲ್ಲಿ ಡಾಕ್ಟರಿಗೆ ತೋರಿಸಿದಾಗ ಹೇಳಿದ್ದು, ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆ ಒಳಗಿನ ಮೆತ್ತನೆ ಚರ್ಮ ನಾರಿನ ಥರ ಗಟ್ಟಿಯಾಗಿ, ಬಾಯಿ ತೆರೆಯೋದು ಕಮ್ಮಿ ಆಗ್ತಾ ಹೋಗತ್ತೆ. ಇದಕ್ಕೆ ಮುಖ್ಯ ಕಾರಣ ಅಡಿಕೆ ಜಗಿಯೋದು. ಕೆಲವರಲ್ಲಿ ಮುಂದೆ ಕ್ಯಾನ್ಸರಿಗೂ ತಿರುಗಬಹುದು, ಅದಕ್ಕೇ ಆಗಾಗ ಬಂದು ತೋರಿಸ್ತಾ ಇರಿ ಅಂದ್ರು.

ಅವತ್ತಿಂದ ಗಂಜಿ, ರಾಗಿ ಅಂಬಲಿ, ಮಜ್ಜಿಗೆ ಅನ್ನ. ಖಾರ ಇಲ್ಲ, ಬಿಸಿ ಇಲ್ಲ, ಅಗಿಯೋದೇನೂ ಇಲ್ಲ. ಕುಣಿಗಲ್ಲಿನ ಚಿಕ್ಕಮ್ಮನ ಮನೇಲಿ ಹಬ್ಬಕ್ಕೆ ಎಲ್ರೂ ಸೇರಿದ್ವಿ. ಹೋಳಿಗೆ ಊಟ. ಅಜ್ಜಿ ಮಾತ್ರ "ನಂಗೆ ಹಸಿವಿಲ್ಲ ಕಣ್ರವ್ವ" ಅಂತ ಜಗಲೀಲಿ ಕೂತಿದ್ರು. ಹಸಿವಿತ್ತು, ನಮಗೆಲ್ಲ ಗೊತ್ತಿತ್ತು.

ತಣ್ಣಗಿರಬೇಕು, ಖಾರ ಇರಬಾರದು, ಬಾಯಲ್ಲಿಟ್ರೆ ತಾನೇ ಕರಗಬೇಕು. ಅಜ್ಜಿಗೆ ಶುಗರ್ ಇಲ್ಲ. ಡಾಕ್ಟರನ್ನ ಕೇಳಿದ್ವಿ, ಸ್ವಲ್ಪ ಕೊಡಿ ಪರವಾಗಿಲ್ಲ ಅಂದ್ರು.

3/6
ಈಗ ರೆಸಿಪಿ. ಸೇವ್ ಮಾಡ್ಕೊಳ್ಳಿ.

ಡಾರ್ಕ್ ಚಾಕೊಲೇಟ್ 100 ಗ್ರಾಂ, ನೀರು 80 ಎಂಎಲ್. ಸಿಹಿ ಜಾಸ್ತಿ ಬೇಕು ಅಂದ್ರೆ ಒಂದು ಚಮಚ ಸಕ್ಕರೆ. ಎರಡು ಟ್ರೇ ಐಸ್.

ದೊಡ್ಡ ಪಾತ್ರೇಲಿ ಐಸ್ ಹಾಕಿ, ಅದು ಮುಳುಗೋಷ್ಟು ನೀರು ಸುರೀರಿ. ಅದರೊಳಗೆ ಕೂರೋ ಅಂಥ ಒಂದು ಸ್ಟೀಲ್ ಬಟ್ಟಲು ರೆಡಿ ಇಟ್ಕೊಳ್ಳಿ. ಪ್ಲಾಸ್ಟಿಕ್ ಬೇಡ, ಬೇಗ ತಣ್ಣಗಾಗಲ್ಲ.

ಬೇರೆ ಪಾತ್ರೇಲಿ ನೀರು, ಮುರಿದ ಚಾಕೊಲೇಟ್ ಎರಡೂ ಒಟ್ಟಿಗೆ ಹಾಕಿ ಸಣ್ಣ ಉರೀಲಿ ಕರಗಿಸಿ. ಕುದಿಸ್ಬೇಡಿ. ನುಣ್ಣಗೆ, ಸಾಸ್ ಥರ ಆಗತ್ತೆ. ಅದನ್ನ ಸ್ಟೀಲ್ ಬಟ್ಟಲಿಗೆ ಸುರಿದು, ಐಸ್ ಮೇಲಿಟ್ಟು ವಿಸ್ಕಲ್ಲಿ ಕಡೀತಾ ಹೋಗಿ. ಮೊದಲೆರಡು ನಿಮಿಷ ಏನೂ ಆಗಲ್ಲ, ಬರೀ ಚಾಕೊಲೇಟ್ ನೀರು. ಹೆದರ್ಬೇಡಿ. ಆಮೇಲೆ ಬಣ್ಣ ತಿಳಿಯಾಗತ್ತೆ, ವಿಸ್ಕ್ ಹೋದ ದಾರಿ ಗೆರೆಯಾಗಿ ಉಳಿಯತ್ತೆ. ಅಲ್ಲಿಗೆ ನಿಲ್ಲಿಸಿ! ಇನ್ನರ್ಧ ನಿಮಿಷ ಕಡೆದ್ರೆ ಗಟ್ಟಿಯಾಗಿ ತರಿ ತರಿ ಆಗ್ಬಿಡತ್ತೆ.

ಆದ್ರೂ ಚಿಂತೆ ಇಲ್ಲ. ಇದರ ಮಜಾನೇ ಅದು. ತರಿ ಆಯ್ತಾ? ವಾಪಸ್ ಒಲೆ ಮೇಲಿಟ್ಟು ಕರಗಿಸಿ, ಒಂದೆರಡು ಚಮಚ ನೀರು ಸೇರಿಸಿ, ಮತ್ತೆ ಕಡೀರಿ. ಎಷ್ಟು ಕಡೆದ್ರೂ ನೀರಾಗೇ ಇದ್ಯಾ? ಇನ್ನೆರಡು ತುಂಡು ಚಾಕೊಲೇಟ್ ಹಾಕಿ ಕರಗಿಸಿ, ಮತ್ತೆ ಕಡೀರಿ. ಕೆಡಿಸೋಕೆ ಕಷ್ಟಪಡಬೇಕು ಅಂಥ ರೆಸಿಪಿ ಇದು.

4/6
ಸೈನ್ಸ್ ಹುಡುಗರು ಕೇಳೇ ಕೇಳ್ತೀರ, ಚಾಕೊಲೇಟಿಗೆ ನೀರು ಬಿದ್ರೆ ಕೆಡತ್ತಲ್ವಾ ಅಂತ. ನಾಲ್ಕು ಹನಿ ಬಿದ್ರೆ ಕೆಡತ್ತೆ ನಿಜ. ಅದರಲ್ಲಿರೋ ಸಕ್ಕರೆ, ಕೋಕೋ ಪುಡಿ ಆ ಹನಿಗೆ ಅಂಟ್ಕೊಂಡು ಮುದ್ದೆ ಆಗತ್ತೆ. ಆದ್ರೆ ನೀರು ಧಾರಾಳವಾಗಿದ್ರೆ ಪುಡಿ ಅದರಲ್ಲಿ ನೆನೆದು ಹರಡಿಕೊಳ್ಳತ್ತೆ, ಕೊಬ್ಬು ಸಣ್ಣ ಸಣ್ಣ ಹನಿಯಾಗಿ ನೀರಲ್ಲಿ ತೇಲತ್ತೆ. ಅಂದ್ರೆ ಹಾಲಿನ ಕೆನೆಯಲ್ಲಿ ಇರೋ ಹಾಗೇ. ತಣ್ಣಗೆ ಮಾಡ್ತಾ ಕಡೆದಾಗ ಗಾಳಿ ಗುಳ್ಳೆ ಸೇರಿ, ಸುತ್ತ ಕೊಬ್ಬು ಗಟ್ಟಿಯಾಗಿ ಗುಳ್ಳೇನ ಹಿಡ್ಕೊಳ್ಳತ್ತೆ. ಇದನ್ನ ತೋರಿಸಿಕೊಟ್ಟಿದ್ದು ಎರ್ವೆ ತೀಸ್ ಅನ್ನೋ ಫ್ರೆಂಚ್ ಕೆಮಿಸ್ಟ್, 1990ರ ದಶಕದಲ್ಲಿ. ಚಾಕೊಲೇಟ್ ಶಾಂಟಿಯಿ ಅಂತ ಹೆಸರು.

ನೀರಿನ ಜಾಗಕ್ಕೆ ಡಿಕಾಕ್ಷನ್ ಹಾಕ್ಬಹುದು, ಕಿತ್ತಳೆ ರಸ ಹಾಕ್ಬಹುದು. ನಾನು ಅಜ್ಜಿಗೆ ಹಾಕಿದ್ದು ಎಳನೀರು, ಅವರದೇ ತೋಟದ್ದು. ಕಹಿ ಚಾಕೊಲೇಟಿಗೆ ಎಳನೀರಿನ ಆ ಸಣ್ಣ ಸಿಹಿ, ಸಣ್ಣ ಉಪ್ಪು ಚೆನ್ನಾಗಿ ಕೂರತ್ತೆ.

ತುಮಕೂರಲ್ಲಿ ಮಾಡಿ ಬಸ್ಸಲ್ಲಿ ಒಯ್ಯಲಿಲ್ಲ. ಚಾಕೊಲೇಟು, ವಿಸ್ಕು ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಗುಬ್ಬೀಲೇ ಮಾಡ್ದೆ. ಅಜ್ಜಿ ಬಾಯಿಗೆ ಊಟದ ಚಮಚ ಹೋಗಲ್ಲ, ಮಗುಗೆ ಔಷಧಿ ಕೊಡೋ ಸಣ್ಣ ಚಮಚ ತಗೊಂಡೆ. ಮೊದಲನೇ ಸಲ ನಾಲಿಗೆ ಮೇಲಿಟ್ಕೊಂಡು ಸುಮ್ನೆ ಕೂತ್ರು. ಆಮೇಲೆ "ಏನವ್ವ ಇದು, ಬೆಣ್ಣೆ ನೊರೆ ಇದ್ದಂಗೈತಲ್ಲ, ಕಹಿನೂ ಐತೆ" ಅಂದ್ರು. ಬಟ್ಟಲು ಖಾಲಿ ಆಯ್ತು. ಸೊಸೆಗೆ, ಅಂದ್ರೆ ನಮ್ಮಮ್ಮಂಗೆ, "ನೀನೂ ಕಲ್ತ್ಕೊ" ಅಂತ ಆರ್ಡರ್ ಬೇರೆ.

5/6
ಬಿಕಾಂ ಹುಡುಗಿ ಅಂದ್ಮೇಲೆ ಕಾಸ್ಟ್ ಶೀಟ್ ಇಲ್ದೇ ಇರತ್ತಾ? ನಾನು ತಂದ ಚಾಕೊಲೇಟ್ 160 ರೂಪಾಯಿ. 180 ಗ್ರಾಂ ಮೂಸ್, ನಾಲ್ಕು ಸಣ್ಣ ಕಪ್. ಕಪ್ಪಿಗೆ 40 ರೂಪಾಯಿ, ಗ್ಯಾಸು ಐಸು ಬಿಟ್ಟು. ಎಳನೀರು ಫ್ರೀ, ನನ್ನ ಕೂಲಿ ಸೊನ್ನೆ. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಿದೆ, ಪರೀಕ್ಷೆಗೂ ಬರಬಹುದು, ನೆನಪಿಟ್ಕೊಳ್ಳಿ.

ತಗೊಳ್ಳೋವಾಗ ಪ್ಯಾಕೆಟ್ ಹಿಂದೆ ಓದಿ. ಕೋಕೋ ಬಟರ್ ಅಂತ ಇರಬೇಕು. ಕಾಂಪೌಂಡ್ ಅಂತ ಬರೆದಿರೋದ್ರಲ್ಲಿ ಅದರ ಬದಲು ಬೇರೆ ವೆಜಿಟೆಬಲ್ ಫ್ಯಾಟ್ ಇರತ್ತೆ, ರೇಟೂ ಕಮ್ಮಿ. ಕೋಕೋ ಬಟರ್ ಕರಗೋದು ಸುಮಾರು 34 ಡಿಗ್ರೀಲಿ, ನಮ್ಮ ಮೈ ಬಿಸಿಗಿಂತ ಸ್ವಲ್ಪ ಕೆಳಗೆ. ಬಾಯಲ್ಲಿಟ್ಟ ತಕ್ಷಣ ಕರಗೋದು ಅದಕ್ಕೇ. ಅಜ್ಜಿ ಅಗಿಯದೇ ತಿಂದಿದ್ದೂ ಅದಕ್ಕೇ.

ಇನ್ನೊಂದು ವಿಷಯ ಗೊತ್ತಾ? ಪುತ್ತೂರಲ್ಲಿ ಚಾಕೊಲೇಟ್ ಫ್ಯಾಕ್ಟರಿ ನಡೆಸ್ತಿರೋದು ಕ್ಯಾಂಪ್ಕೊ, 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಶುರುವಾದ ಸಹಕಾರ ಸಂಸ್ಥೆ. ಫ್ಯಾಕ್ಟರಿ ಶುರುವಾಗಿದ್ದು 1986ರಲ್ಲಿ. ಕೋಕೋ ಗಿಡಕ್ಕೆ ನೆರಳು ಬೇಕು, ಅದಕ್ಕೆ ಅಡಿಕೆ, ತೆಂಗಿನ ತೋಟದ ಮಧ್ಯದಲ್ಲೇ ಬೆಳೀತಾರೆ. ಅಜ್ಜಿಗೆ ಹೇಳಿದ್ರೆ, "ಅಡಿಕೆ ಮರದ ಬುಡದಾಗೆ ಇಂಥದ್ದೂ ಬೆಳೀತದಾ" ಅಂತ ನಂಬಲೇ ಇಲ್ಲ.

6/6
ಇದು ಬರೀಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ದೆ. ನನ್ನ ಕಾಲೇಜ್ ಫೀಸ್ ಕಟ್ಟಿದ್ದು ಅಡಿಕೆ ದುಡ್ಡಲ್ಲೇ. ನಿಮ್ಮಲ್ಲೂ ಎಷ್ಟೋ ಜನರದ್ದು ಹಾಗೇ. ಆ ತೋಟವನ್ನ ಬೈಯೋಕೆ ನಂಗೆ ಬಾಯಿ ಬರಲ್ಲ. ಆದ್ರೆ ಅಜ್ಜಿ ಬಾಯಿಗೆ ಔಷಧಿ ಚಮಚ ಹಿಡಿದಮೇಲೆ ಸುಮ್ನಿರೋಕೂ ಆಗ್ತಿಲ್ಲ.

ಕರ್ನಾಟಕದಲ್ಲಿ ಗುಟ್ಕಾ ಬ್ಯಾನ್ ಆಗಿದ್ದು 2013ರಲ್ಲಿ. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಎರಡೂ ಬೆರೆಸ್ಕೊಂಡು ತಿನ್ನೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ತಂಬಾಕಿಲ್ಲ, ಬರೀ ಅಡಿಕೆ ಅಲ್ವಾ ಅನ್ನೋರೂ ಇದ್ದಾರೆ. ಬರೀ ಅಡಿಕೆಯಿಂದಲೂ ಈ ಕಾಯಿಲೆ ಬರತ್ತೆ, ಇಪ್ಪತ್ತರ ವಯಸ್ಸಲ್ಲೂ ಬರತ್ತೆ. ಗಟ್ಟಿಯಾದ ಚರ್ಮ ಮತ್ತೆ ಮೊದಲಿನ ಥರ ಮೆತ್ತಗಾಗೋದು ಕಷ್ಟ. ಬಿಟ್ರೆ ಇನ್ನಷ್ಟು ಹೆಚ್ಚಾಗೋದನ್ನ ತಡೀಬಹುದು, ಅದಕ್ಕೆ ಬೇಗ ಗೊತ್ತಾಗಬೇಕು.

ಒಂದು ಕೆಲಸ ಮಾಡಿ. ಈಗಲೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರೋ ಹಾಗೆ ನಿಲ್ಲಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮಧ್ಯೆ ಇಟ್ಟು ನೋಡಿ. ಹೋಗ್ಬೇಕು. ಹೋಗದಿದ್ರೆ, ಅಥವಾ ಖಾರ ತಿಂದ್ರೆ ಬಾಯಿ ಉರೀತಿದ್ರೆ, ಹಲ್ಲಿನ ಡಾಕ್ಟರ್ ಹತ್ರ ಹೋಗಿ. ನಾಚ್ಕೆ ಬೇಡ.

ಅಜ್ಜಿ ಎಲೆ ಅಡಿಕೆ ಬಿಟ್ಟು ನಾಲ್ಕು ತಿಂಗಳಾಯ್ತು. ಊಟ ಆದ್ಮೇಲೆ ಕೈ ಈಗ್ಲೂ ಸೊಂಟಕ್ಕೇ ಹೋಗತ್ತೆ.

ಮೂಸ್ ಮಾಡಿದ್ರೆ ಫೋಟೋ ಕಳ್ಸಿ, ಟ್ಯಾಗ್ ಮಾಡಿ. ಮುಂದಿನ ಸಲ ಡಿಕಾಕ್ಷನ್ ಹಾಕಿ ಟ್ರೈ ಮಾಡ್ತೀನಿ, ಯಾರಾದ್ರೂ ಆಗ್ಲೇ ಮಾಡಿದ್ರೆ ಎಷ್ಟು ಹಾಕಿದ್ರಿ ಅಂತ ಕಮೆಂಟಲ್ಲಿ ಹೇಳಿ.

#ತುಮಕೂರು #ಗುಬ್ಬಿ #ಕುಣಿಗಲ್ #ಚಾಕೊಲೇಟ್‌ಮೂಸ್ #ಮೊಟ್ಟೆಇಲ್ಲದ್ದು #ಮೂರುಬೆರಳು